ಹಿಂದಿನ ಸೀಟಿಗೆ ಅರ್ಧ ಹಿಡಿತ ಕೊಡಬೇಡಿ

ನಮಸ್ಕಾರ. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟಿನ ಹಗುರ ವಿಮಾನಗಳಲ್ಲಿ ಹಿಂದಿನ ಕಾಕ್‌ಪಿಟ್ಟಿನ ನಿಯಂತ್ರಣಗಳನ್ನು ಮಾರ್ಪಡಿಸುವ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಇಂದಿನ ಕಂತು ಅದಕ್ಕೇ ಮೀಸಲು. ಆ ಸೀಟಿಗೆ ಸ್ಟಿಕ್ (ಮೂತಿಯನ್ನು ಏರಿಸಿಳಿಸುವ, ರೆಕ್ಕೆಗಳನ್ನು ವಾಲಿಸುವ ಕೋಲು), ರಡರ್ ಪೆಡಲ್ (ಬಾಲದ ರಡರನ್ನು ತಿರುಗಿಸಿ ಮೂತಿಯನ್ನು ಎಡಬಲಕ್ಕೆ ಹೊರಳಿಸುವ ಪೆಡಲ್), ಥ್ರಾಟಲ್ (ಎಂಜಿನ್ನಿನ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಲಿವರ್), ಬ್ರೇಕ್ ಎಲ್ಲವನ್ನೂ ಕೊಡಿ, ಇಲ್ಲವಾದರೆ ಯಾವುದನ್ನೂ ಕೊಡಬೇಡಿ. ಸ್ಟಿಕ್ ಇದೆ, ಪೆಡಲ್ ಇಲ್ಲ; ಪೆಡಲ್ ಇದೆ, ಬ್ರೇಕ್ ಇಲ್ಲ ಎನ್ನುವ ನಡುವಿನ ವ್ಯವಸ್ಥೆಗಳು ಅಗ್ಗವೂ ಹೌದು, ಹಗುರವೂ ಹೌದು, ಆದರೆ ಹಿಂದೆ ಕೂತವರಿಗೆ ಕೆಡಿಸುವಷ್ಟು ಅಧಿಕಾರವನ್ನು ಕೊಟ್ಟು ಸರಿಪಡಿಸುವಷ್ಟನ್ನು ಕೊಡುವುದಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರುತ್ತವೆ, ಸ್ಟಿಯರಿಂಗ್ ಇರುವುದಿಲ್ಲ. ಆದರೂ ಕೆಲಸ ನಡೆಯುತ್ತದೆ, ಏಕೆಂದರೆ ಕೈ ಚಾಚಿದರೆ ಸ್ಟಿಯರಿಂಗ್ ಸಿಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಹಂಸದಂತೆ ಪಕ್ಕಪಕ್ಕದಲ್ಲಿ ಕೂರುವ ವಿಮಾನಗಳಿಗೂ ಈ ಅನುಕೂಲವಿದೆ. ಹಿಂದುಮುಂದಾಗಿ ಕೂತಾಗ ಮಾತ್ರ ಇದು ಪೂರ್ತಿ ಇಲ್ಲವಾಗುತ್ತದೆ. ಹಿಂದಿನವರ ಮತ್ತು ಮೀಟರುಗಳ ನಡುವೆ ಮುಂದಿನ ಸೀಟಿನ ಬೆನ್ನು, ಅದರ ಮೇಲೆ ಒಬ್ಬ ಮನುಷ್ಯನ ಭುಜ ಮತ್ತು ತಲೆ ಅಡ್ಡ ನಿಂತಿರುತ್ತವೆ. ಮುಖ ಕಾಣದಿರುವುದರಿಂದ ಮುಂದಿನವರು ಗಾಬರಿಯಾಗಿದ್ದಾರೋ ಅಥವಾ ಸುಮ್ಮನೆ ಯೋಚಿಸುತ್ತಿದ್ದಾರೋ ಎಂಬುದೂ ತಿಳಿಯುವುದಿಲ್ಲ. ಕೈಗೆ ಸಿಗಬೇಕಾದ ಪ್ರತಿಯೊಂದನ್ನೂ ಹಿಂದಿನ ಸೀಟಿನಲ್ಲೇ ಇಟ್ಟಿರಬೇಕು.

ಹಳೆಯ ತರಬೇತಿ ವಿಮಾನಗಳನ್ನು ರೂಪಿಸಿದವರಿಗೆ ಇದರ ಅರಿವು ಚೆನ್ನಾಗಿಯೇ ಇತ್ತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ತಯಾರಾಗಿ 1951ರ ಆಗಸ್ಟಿನಲ್ಲಿ ಮೊದಲ ಬಾರಿ ಹಾರಿದ ಎಚ್‌ಟಿ-2 ಕಲಿಸುವುದಕ್ಕೆಂದೇ ಹುಟ್ಟಿದ ವಿಮಾನವಾದ್ದರಿಂದ, ಅದರ ಎರಡೂ ಸೀಟುಗಳು ನಿಜವಾದ ಅರ್ಥದಲ್ಲಿ ಪೈಲಟ್ ಸೀಟುಗಳಾಗಿದ್ದವು. ಅಮೆರಿಕದ ಪೈಪರ್ ಜೆ-3 ಕಬ್‌ನಲ್ಲಂತೂ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು. ಇಂಧನದ ಟ್ಯಾಂಕು ಮೂತಿಯಲ್ಲಿರುವುದರಿಂದ ತೂಕ ಸರಿದೂಗುವುದು ಆಗಲೇ. 1949ರಲ್ಲಿ ಬಂದ ಸೂಪರ್ ಕಬ್‌ನಲ್ಲಿ ಟ್ಯಾಂಕುಗಳು ರೆಕ್ಕೆಯಲ್ಲಿದ್ದು, ಒಂಟಿ ಪೈಲಟ್ ಕೂರುವುದು ಮುಂದೆ. ಹಿಂದಿನ ಸೀಟು ಪ್ರಯಾಣಿಕರದು ಎಂಬ ಭಾವನೆ ಬಲವಾದದ್ದು ಇಂಥ ವಿಮಾನಗಳಿಂದ. ನಿಯಂತ್ರಣಗಳಿಗೆ ಕತ್ತರಿ ಬೀಳತೊಡಗಿದ್ದು ಆ ಭಾವನೆಯ ಬೆನ್ನಿಗೇ ಎಂದು ನನಗೆ ತೋರುತ್ತದೆ.

ಈಗ ಮನೆಯ ಗ್ಯಾರೇಜಿನಲ್ಲಿ ಕಟ್ಟುವ ವಿಮಾನಗಳಿಗೆ ಬರೋಣ. ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಕಿಟ್ಟಿನಿಂದ ಕಟ್ಟುವ ಆರ್‌ವಿ-8 ಬಹಳ ಜನಪ್ರಿಯವಾದ ವಿಮಾನ, ಹಾರಾಟದಲ್ಲಿ ಚುರುಕಾದದ್ದು. ಅದರ ಹಿಂದಿನ ಸೀಟಿಗೆ ಕಳಚಿ ತೆಗೆಯಬಹುದಾದ ಒಂದು ಸ್ಟಿಕ್ ಇದೆ. ಮೂಲ ವಿನ್ಯಾಸದಲ್ಲಿ ರಡರ್ ಪೆಡಲ್ ಇಲ್ಲ. ಥ್ರಾಟಲ್ ಬೇಕೆಂದವರು ಮುಂದಿನ ಲಿವರಿಗೆ ಒಂದು ಕಡ್ಡಿ ಜೋಡಿಸಿ ಹಿಂದಕ್ಕೆ ಒಯ್ಯುತ್ತಾರೆ. ಹಿಂದೆ ಕೂತವರ ಕಾಲುಗಳು ಮುಂದಿನ ಸೀಟಿನ ಎರಡೂ ಪಕ್ಕಕ್ಕೆ ಚಾಚಿಕೊಳ್ಳುವುದರಿಂದ, ಆ ಇಕ್ಕಟ್ಟಿನಲ್ಲೇ ಪೆಡಲುಗಳನ್ನು ಕೂರಿಸಿಕೊಂಡವರೂ ಇದ್ದಾರೆ. ಕಷ್ಟಪಟ್ಟು ಪೆಡಲ್ ಕೂರಿಸಿದವರಲ್ಲಿ ಬಹುಪಾಲು ಜನ ಬ್ರೇಕಿನ ಹತ್ತಿರ ಬಂದಾಗ ಕೈಬಿಡುತ್ತಾರೆ ಎಂಬುದು ನನ್ನ ಅನುಮಾನ, ಏಕೆಂದರೆ ಬ್ರೇಕ್ ಎಂದರೆ ಇನ್ನೊಂದು ಜೊತೆ ಸಿಲಿಂಡರು, ಇನ್ನಷ್ಟು ಕೊಳವೆ, ಎಣ್ಣೆ ಸೋರುವುದಕ್ಕೆ ಇನ್ನಷ್ಟು ಜಾಗ.

ಆದರೆ ಆರ್‌ವಿ-8ರ ಬಹುಪಾಲು ವಿಮಾನಗಳು ಬಾಲದಲ್ಲಿ ಚಕ್ರವಿರುವ ಜಾತಿಯವು. ಇವುಗಳಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದಿರುತ್ತದೆ. ಹಾಗಾಗಿ ನೆಲಕ್ಕಿಳಿದ ಮೇಲೆ ಮೂತಿ ತುಸು ಓರೆಯಾದರೂ ಹಿಂಭಾಗ ಮುನ್ನುಗ್ಗಿ ಆ ಓರೆಯನ್ನು ಹೆಚ್ಚಿಸುತ್ತಲೇ ಹೋಗುತ್ತದೆ, ಕೊನೆಗೆ ವಿಮಾನ ಗಿರ್ರನೆ ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ವೇಗವಿರುವಾಗ ಇದನ್ನು ತಡೆಯುವುದು ರಡರ್, ವೇಗ ತಗ್ಗಿ ರಡರಿಗೆ ಗಾಳಿ ಸಾಲದಾದಾಗ ತಡೆಯುವುದು ಒಂದು ಪಕ್ಕದ ಚಕ್ರಕ್ಕೆ ಮಾತ್ರ ಹಾಕುವ ಬ್ರೇಕ್. ಹೊಸ ಮಾಲೀಕರನ್ನು ಮುಂದೆ ಕೂರಿಸಿಕೊಂಡು ಹಿಂದಿನಿಂದ ಕಲಿಸುವ ಇನ್‌ಸ್ಟ್ರಕ್ಟರ್ ಬಳಿ ಸ್ಟಿಕ್ ಮಾತ್ರ ಇದ್ದರೆ, ಮೂತಿ ಓರೆಯಾಗುವುದನ್ನು ಎಲ್ಲರಿಗಿಂತ ಮೊದಲು ಗುರುತಿಸಿಯೂ ಅವರು ಬಾಯಿಮಾತಿನಲ್ಲಿ ಕೂಗುವುದನ್ನು ಬಿಟ್ಟು ಬೇರೇನನ್ನೂ ಮಾಡಲಾರರು. ಅಮೆರಿಕದ ವಿಮಾನಯಾನ ನಿಯಮಾವಳಿಯ 91.109ನೆಯ ನಿಯಮ, ಹಾರಾಟ ಕಲಿಸುವ ವಿಮಾನದಲ್ಲಿ ಪೂರ್ಣವಾಗಿ ಕೆಲಸ ಮಾಡುವ ಜೋಡಿ ನಿಯಂತ್ರಣಗಳಿರಬೇಕು ಎಂದು ಹೇಳುವುದು ಇದೇ ಕಾರಣಕ್ಕೆ. ಅಲ್ಲಿರುವ ಪೂರ್ಣ ಎಂಬ ಮಾತಿಗೆ ಬ್ರೇಕೂ ಸೇರುತ್ತದೆಯೇ ಎಂದು ವಾದ ಮಾಡುವವರು ಮಾಡಿಕೊಳ್ಳಲಿ. ಬಾಲಚಕ್ರದ ವಿಮಾನದಲ್ಲಿ ಕಲಿಸುವುದಾದರೆ ನನ್ನ ಮಟ್ಟಿಗೆ ಸೇರುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿಯಾದ ಉದಾಹರಣೆ ಒಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಅಮೆರಿಕದ ಬರ್ಟ್ ರುಟಾನ್ ವಿನ್ಯಾಸ ಮಾಡಿದ, ನಕ್ಷೆ ನೋಡಿ ಮನೆಯಲ್ಲೇ ಕಟ್ಟುವ ಲಾಂಗ್-ಈಜಿ ವಿಮಾನದಲ್ಲಿ ಹಿಂದಿನ ಸೀಟಿಗೆ ಸ್ಟಿಕ್ ಇದೆ, ಪೆಡಲ್ ಇಲ್ಲ, ಮತ್ತು ಅದು ಬೇಕೆಂದೇ ಮಾಡಿದ್ದು. ಮೂತಿಯ ಬಳಿ ಕನಾರ್ಡ್ ಎಂಬ ಪುಟ್ಟ ರೆಕ್ಕೆ, ಹಿಂದಿನಿಂದ ತಳ್ಳುವ ಪ್ರೊಪೆಲ್ಲರ್ ಇರುವ ಈ ವಿಮಾನ ಬೆಂಗಳೂರಿಗೆ ಅಪರಿಚಿತವಲ್ಲ. ಎನ್‌ಎಎಲ್ ತನ್ನ ಹಗುರ ಕನಾರ್ಡ್ ಸಂಶೋಧನಾ ವಿಮಾನವನ್ನು ಇದೇ ವಿನ್ಯಾಸದ ಮೇಲೆ ಕಟ್ಟಿ 1987ರಲ್ಲಿ ಹಾರಿಸಿತ್ತು. ವೇಗ ತೀರಾ ತಗ್ಗಿದಾಗ ಮುಂದಿನ ಪುಟ್ಟ ರೆಕ್ಕೆ ಮೊದಲು ಎತ್ತುವ ಬಲ ಕಳೆದುಕೊಳ್ಳುತ್ತದೆ, ಮೂತಿ ತಾನಾಗಿ ಬಾಗುತ್ತದೆ, ವೇಗ ಮತ್ತೆ ಬರುತ್ತದೆ. ಆದ್ದರಿಂದ ಆಕಾಶದಲ್ಲಿ ಸ್ಟಿಕ್ಕೊಂದರಿಂದಲೇ ಅದನ್ನು ನೆಮ್ಮದಿಯಾಗಿ ತಿರುಗಿಸಬಹುದು. ಇಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಲಾಂಗ್-ಈಜಿಯಲ್ಲಿ ಚಕ್ರದ ಬ್ರೇಕು ಹಾಕುವುದೂ ರಡರ್ ಪೆಡಲನ್ನು ಕೊನೆಯವರೆಗೆ ಒತ್ತಿದಾಗಲೇ, ಮುಂದಿನ ಚಕ್ರ ತನ್ನಷ್ಟಕ್ಕೆ ಹೊರಳಾಡುವಂಥದ್ದು. ಹಿಂದೆ ಕೂತವರು ವಿಮಾನವನ್ನು ನೆಲದವರೆಗೆ ತಂದರೂ ರನ್‌ವೇಯ ಮೇಲೆ ಅದನ್ನು ನೇರವಾಗಿ ಇಟ್ಟುಕೊಳ್ಳುವ ಸಾಧನ ಅವರ ಬಳಿ ಇರುವುದಿಲ್ಲ. ರುಟಾನ್ ಅವರಂಥ ವಿನ್ಯಾಸಕರು ಲೆಕ್ಕ ಹಾಕಿ ಬಿಟ್ಟದ್ದಕ್ಕೂ ಉಳಿದವರು ಖರ್ಚು ನೋಡಿ ಬಿಟ್ಟದ್ದಕ್ಕೂ ಬಹಳ ವ್ಯತ್ಯಾಸವಿದೆ.

ಲಾಂಗ್-ಈಜಿಯ ಮಾತು ಬಂದಾಗ 1997ರ ಅಕ್ಟೋಬರ್ 12ರ ಅಪಘಾತವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗಾಯಕ ಜಾನ್ ಡೆನ್ವರ್ ಆಗಷ್ಟೇ ಕೊಂಡಿದ್ದ ಲಾಂಗ್-ಈಜಿಯಲ್ಲಿ ಒಬ್ಬರೇ ಹಾರುತ್ತಿದ್ದಾಗ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್ ಬಳಿ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ರುಟಾನ್ ನಕ್ಷೆಯ ಪ್ರಕಾರ ಎಡ ಟ್ಯಾಂಕಿನಿಂದ ಬಲ ಟ್ಯಾಂಕಿಗೆ ಬದಲಿಸುವ ಇಂಧನದ ತಿರುಪು ಪೈಲಟ್ಟಿನ ಎರಡು ಕಾಲುಗಳ ನಡುವೆ ಇರಬೇಕಿತ್ತು. ಈ ವಿಮಾನವನ್ನು ಕಟ್ಟಿದವರು ಕಾಕ್‌ಪಿಟ್ಟಿನೊಳಗೆ ಇಂಧನದ ಕೊಳವೆ ಬೇಡವೆಂದುಕೊಂಡು, ಅದರ ಹಿಡಿಯನ್ನು ಮುಂದಿನ ಸೀಟಿನ ಹಿಂದೆ, ಪೈಲಟ್ಟಿನ ಎಡಭುಜದ ಹಿಂಬದಿಯ ಗೋಡೆಗೆ ಸ್ಥಳಾಂತರಿಸಿದ್ದರು. ಹಿಡಿಯ ಮೇಲೆ ಯಾವ ಗುರುತೂ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯವರು ಅದನ್ನು ಮುಟ್ಟುವುದಕ್ಕೆ ಏನೇನು ಮಾಡಬೇಕೆಂದು ಕೂತು ನೋಡಿದರು: ಬಲಗೈಯನ್ನು ಸ್ಟಿಕ್ಕಿನಿಂದ ತೆಗೆಯಬೇಕು, ಭುಜದ ಪಟ್ಟಿ ಸಡಿಲಿಸಬೇಕು, ಸೊಂಟದ ಮೇಲಿನ ಮೈಯನ್ನು 90 ಡಿಗ್ರಿ ಎಡಕ್ಕೆ ತಿರುಗಿಸಬೇಕು, ಆಮೇಲೆ ಹಿಡಿಯನ್ನು ತಿರುವಬೇಕು. ಹಾಗೆ ಹೊರಳುವಾಗ ಮೈಗೆ ಆಸರೆ ಬೇಕಾಗಿ ಬಲಗಾಲು ಸಹಜವಾಗಿಯೇ ಬಲ ಪೆಡಲನ್ನು ಒತ್ತುತ್ತದೆ. ವಿಮಾನ ಹಿಡಿತ ತಪ್ಪಿದ್ದು ಹಾಗೆಯೇ ಎಂಬ ತೀರ್ಮಾನಕ್ಕೆ ಮಂಡಳಿ ಬಂದು, ಹಿಡಿಯನ್ನು ಅಲ್ಲಿಟ್ಟ ನಿರ್ಧಾರವನ್ನೂ, ಇಂಧನ ತುಂಬಿಸಿಕೊಳ್ಳದೆ ಹೊರಟದ್ದನ್ನೂ, ಆ ವಿಮಾನದಲ್ಲಿ ಸಾಕಷ್ಟು ತರಬೇತಿ ಇಲ್ಲದಿದ್ದುದನ್ನೂ ಕಾರಣಗಳ ಸಾಲಿಗೆ ಸೇರಿಸಿತು.

ಈ ಪ್ರಕರಣವನ್ನು ಹಿಂದಿನ ಕಾಕ್‌ಪಿಟ್ಟಿನ ಚರ್ಚೆಗೆ ಎಳೆದು ತಂದದ್ದಕ್ಕೆ ಕಾರಣವಿದೆ. ಎರಡು ಸೀಟುಗಳ ನಡುವಿನ ಗೋಡೆ ಎಂದರೆ ಯಾರ ಪಾಲಿಗೂ ಸರಿಯಾಗಿ ಸೇರದ ಜಾಗ. ಅಲ್ಲಿ ಒಂದು ತಿರುಪನ್ನಿಟ್ಟು ಇಬ್ಬರಿಗೂ ಎಟುಕುತ್ತದೆ ಎಂದು ಸಮಾಧಾನ ಪಟ್ಟುಕೊಳ್ಳುವುದು ಸುಲಭ. ಪಟ್ಟಿ ಬಿಗಿದುಕೊಂಡು ಕೂತು ಕೈಚಾಚಿ ನೋಡಿದಾಗಲೇ ಒಬ್ಬರಿಗೂ ಸಲೀಸಾಗಿ ಎಟುಕುವುದಿಲ್ಲವೆಂದು ಗೊತ್ತಾಗುವುದು. ಯಾವುದೇ ಬದಲಾವಣೆಗೆ ಡ್ರಿಲ್ ಹಿಡಿಯುವ ಮುನ್ನ ರಟ್ಟಿನಲ್ಲೋ ಮರದಲ್ಲೋ ಅದರ ಮಾದರಿ ಮಾಡಿ, ಎಲ್ಲ ಪಟ್ಟಿಗಳನ್ನೂ ಬಿಗಿದುಕೊಂಡು, ಸ್ಟಿಕ್ಕಿನಿಂದ ಕೈ ತೆಗೆಯದೆ ಅದನ್ನು ಮುಟ್ಟಲಾಗುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ಒಂದು ಸಂಜೆ ಸಾಕು.

ಇನ್ನು ಏನನ್ನೂ ಕೊಡಬೇಡಿ ಎಂಬ ಇನ್ನೊಂದು ತುದಿ. ವಿಮಾನ ಹಾರಿಸಲು ಬಾರದವರು ಹಿಂದೆ ಕೂರುವಾಗ ಸ್ಟಿಕ್ಕನ್ನು ಕಳಚಿಡಬೇಕು, ಹಿಂದಿನ ಥ್ರಾಟಲನ್ನೂ ಬೇರ್ಪಡಿಸಬೇಕು. ಪ್ರಯಾಣಿಕರು ಹೆದರಿ ಸ್ಟಿಕ್ಕನ್ನು ಅಪ್ಪಿಕೊಂಡುಬಿಡುತ್ತಾರೆ ಎಂಬುದು ಎಲ್ಲರೂ ಹೇಳುವ ಭಯ. ನನಗೆ ಅದಕ್ಕಿಂತ ಹೆಚ್ಚಿನ ಭಯವಿರುವುದು ತೊಡೆಯ ಮೇಲಿನ ಚೀಲ, ದಪ್ಪನೆಯ ಜಾಕೆಟ್ಟು, ಲಿವರಿಗೆ ತೊಡರಿಕೊಂಡ ಕ್ಯಾಮೆರಾದ ಪಟ್ಟಿ ಇಂಥವುಗಳ ಬಗ್ಗೆ. 2014ರ ಫೆಬ್ರವರಿಯಲ್ಲಿ ಬ್ರಿಟನ್ ವಾಯುಪಡೆಯ ಒಂದು ದೊಡ್ಡ ವಾಯೇಜರ್ ವಿಮಾನ, ಪೈಲಟ್ಟಿನ ಕ್ಯಾಮೆರಾ ಕೈಯೊರಗು ಮತ್ತು ಸೈಡ್‌ಸ್ಟಿಕ್ಕಿನ (ಸೀಟಿನ ಪಕ್ಕದಲ್ಲಿರುವ ಸ್ಟಿಕ್ಕಿನ) ನಡುವೆ ಸಿಕ್ಕಿಕೊಂಡದ್ದರಿಂದ 27 ಸೆಕೆಂಡುಗಳಲ್ಲಿ 4,400 ಅಡಿ ಕೆಳಕ್ಕೆ ಧುಮುಕಿತ್ತು. ಅಷ್ಟು ದೊಡ್ಡ ಕಾಕ್‌ಪಿಟ್ಟಿನ ಪಾಡೇ ಹಾಗಾದರೆ ಮೊಣಕಾಲಿಗೆ ಮೊಣಕಾಲು ತಾಗುವ ಈ ಪುಟ್ಟ ವಿಮಾನಗಳಲ್ಲಿ ಜಾಗವೆಲ್ಲಿದೆ?

ಸ್ಟಿಕ್ ಕಳಚಿದ ಮೇಲೆ ಉಳಿಯುವ ಕುಳಿಯ ಕಡೆಗೂ ಗಮನ ಬೇಕು. ಅದರ ಬಾಯಿಗೆ ಚರ್ಮದ ಅಥವಾ ಬಟ್ಟೆಯ ಮುಸುಕು ಹಾಕದಿದ್ದರೆ ಬಿದ್ದ ಪೆನ್ನು, ನಾಣ್ಯ, ಮೊಬೈಲು ನೇರವಾಗಿ ತಳದ ಸಲಾಕೆಗಳ ನಡುವೆ ಸೇರುತ್ತವೆ, ಮುಂದಿನ ಸ್ಟಿಕ್ ಅಲ್ಲಾಡಿದಾಗಲೆಲ್ಲ ಆ ಸಲಾಕೆಗಳೂ ಅಲ್ಲಾಡುತ್ತಿರುತ್ತವೆ. ಮರಳಿ ಹಾಕುವಾಗ ಬಳಸುವ ಬೋಲ್ಟು ಇನ್ನೊಂದು ಸಂಗತಿ. ಚಲಿಸುವಾಗ ತಿರುಗುವ ಬೋಲ್ಟಿಗೆ, ಒಳಗೆ ನೈಲಾನ್ ಬಿಲ್ಲೆ ಇರುವ ತಾನೇ ಬಿಗಿದುಕೊಳ್ಳುವ ನಟ್ ಒಂದೇ ಸಾಲದು. ಘರ್ಷಣೆಯನ್ನು ನಂಬದ ಇನ್ನೊಂದು ತಡೆ, ಎಂದರೆ ತೂತಿನಲ್ಲಿ ತೂರಿ ಮಡಿಸುವ ಕಾಟರ್ ಪಿನ್ನಿನಂಥದ್ದು, ಬೇಕು ಎಂಬುದು ಪ್ರಮಾಣೀಕೃತ ವಿಮಾನಗಳಿಗೆ ಬಹುಕಾಲದಿಂದ ಇದ್ದ ನಿಯಮ. ಮನೆಯಲ್ಲಿ ಕಟ್ಟುವವರಿಗೆ ಅದು ಕಡ್ಡಾಯವಲ್ಲದಿದ್ದರೂ ಕಾರಣ ಬದಲಾಗುವುದಿಲ್ಲ.

ಎರಡೂ ಸ್ಟಿಕ್ಕಿನ ತುದಿಗೆ ಗುಂಡಿಗಳನ್ನು ಜೋಡಿಸುವ ಹುಚ್ಚಿನ ಬಗ್ಗೆಯೂ ಒಂದೆರಡು ಮಾತು. ರೇಡಿಯೊ ಗುಂಡಿ ಸರಿ. ವಿದ್ಯುತ್ ಟ್ರಿಮ್ಮಿನ (ಸ್ಟಿಕ್ಕನ್ನು ಒತ್ತಿ ಹಿಡಿಯದೆಯೇ ಮೂತಿಯನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸುವ ವ್ಯವಸ್ಥೆಯ) ಗುಂಡಿಯನ್ನು ಹಿಂದೆಯೂ ಇಡುವುದಾದರೆ, ಅದನ್ನು ಮುಂದಿನಿಂದಲೇ ಸಂಪೂರ್ಣ ಕಡಿದುಹಾಕುವ ಒಂದು ಸ್ವಿಚ್ ಇರಲೇಬೇಕು, ಏಕೆಂದರೆ ಹಿಂದಿನವರ ಮಂಡಿ ಒತ್ತಿದ್ದರಿಂದ ಟ್ರಿಮ್ ಓಡುತ್ತಿದೆಯೆಂದು ಮುಂದಿನವರಿಗೆ ಹೊಳೆಯುವುದೇ ಇಲ್ಲ. ಎಂಜಿನ್ ಸ್ಟಾರ್ಟ್ ಮಾಡುವ ಗುಂಡಿ ಹಿಂದೆ ಏಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಪ್ರಮಾಣೀಕೃತ ವಿಮಾನವಾದರೆ ಇಂಥ ಬದಲಾವಣೆಗೆ ಅಮೆರಿಕದಲ್ಲಿ ಎಫ್‌ಎಎ, ಭಾರತದಲ್ಲಿ ಡಿಜಿಸಿಎ ಎಂಬ ವಿಮಾನಯಾನ ನಿಯಂತ್ರಣ ಸಂಸ್ಥೆಗಳ ಒಪ್ಪಿಗೆ ಬೇಕು. ಅಲ್ಲಿ ಹೆಚ್ಚು ಹೇಳಲು ಉಳಿದಿಲ್ಲ. ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನವನ್ನು ಯಾರು ಬೇಕಾದರೂ ಮಾರ್ಪಡಿಸಬಹುದು, ಆದರೆ ಬದಲಾವಣೆ ದೊಡ್ಡದೆನಿಸಿದರೆ ವಿಮಾನವನ್ನು ಮತ್ತೆ ಪರೀಕ್ಷಾ ಹಾರಾಟದ ಹಂತಕ್ಕೆ ಇಳಿಸಿ ಕನಿಷ್ಠ 5 ಗಂಟೆ ಹಾರಿಸಬೇಕು, ಆ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಇದರ ವಿಚಿತ್ರ ಪರಿಣಾಮವನ್ನು ಗಮನಿಸಿ: ಹಿಂದಿನ ಸೀಟಿಗಾಗಿ ಮಾಡಿದ ಮಾರ್ಪಾಡು ಸಾಮಾನ್ಯವಾಗಿ ಹಿಂದಿನ ಸೀಟು ಖಾಲಿಯಿರುವಾಗಲೇ ತೇರ್ಗಡೆಯಾಗುತ್ತದೆ. ಹಿಂದೆ ಒಬ್ಬರು ಕೂತಾಗ ಭಾರದ ಕೇಂದ್ರ ಹಿಂದಕ್ಕೆ ಸರಿದು ಸ್ಟಿಕ್ ಇನ್ನಷ್ಟು ಹಗುರಾಗುತ್ತದೆ, ಪೆಡಲಿನ ಮೇಲೆ ಎರಡನೆಯ ಜೊತೆ ಬೂಟುಗಳ ಭಾರ ಬೀಳುತ್ತದೆ. ಇದಾವುದೂ ಆ ಗಂಟೆಗಳಲ್ಲಿ ಕಂಡಿರುವುದಿಲ್ಲ. ಹಾಗಾಗಿ ವಿಮಾನವನ್ನು ಮತ್ತೆ ತೂಗಿ, ಹಿಂದಿನ ಸೀಟಿಗೆ ಮರಳಿನ ಮೂಟೆಗಳನ್ನು ಭದ್ರವಾಗಿ ಕಟ್ಟಿ, ಒಂದೊಂದು ಹಾರಾಟಕ್ಕೂ ತೂಕವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋಗುವುದು ಉತ್ತಮ. ಆ ಗಂಟೆಗಳು ಮುಗಿದ ಮೇಲೆ ಅಲ್ಲಿ ಮೊದಲು ಕೂರಬೇಕಾದವರು ಬಾಲಚಕ್ರದ ವಿಮಾನದಲ್ಲಿ ಪಳಗಿದ ಇನ್‌ಸ್ಟ್ರಕ್ಟರೇ ಹೊರತು, ಎರಡು ವರ್ಷದಿಂದ ಗ್ಯಾರೇಜಿನ ಸದ್ದು ಸಹಿಸಿಕೊಂಡು ಕಾದಿರುವ ಮನೆಯವರಲ್ಲ; ಅವರ ಸರದಿ ಬಂದಾಗ ಸ್ಟಿಕ್ಕನ್ನು ಕಳಚಿ ಹ್ಯಾಂಗರಿನಲ್ಲೇ ಇಟ್ಟು ಹೊರಡಿ.