ಹಾಲು ಆಗಲ್ಲ, ಗೋಧಿ ಆಗಲ್ಲ, ತೂಕವೂ ಇಳಿಯಬೇಕು: ಮಲೆನಾಡಿನ ಅಡುಗೆಮನೆಯಲ್ಲಿ ಊಟಕ್ಕೇನು ಕಮ್ಮಿ?

[ಅಡುಗೆಮನೆ. ಕಟ್ಟೆಯ ಮೇಲೆ ಒಂದು ಕಾಯಿ ಕಡಿ, ಸಣ್ಣ ತಕ್ಕಡಿ, ಒಂದು ಹಿಡಿ ಒಂದೆಲಗ, ಇಂಗಿನ ಡಬ್ಬಿ. ಕಿಟಕಿಯಾಚೆ ಮಳೆ.]

ನಮಸ್ಕಾರ. ಶಿವಮೊಗ್ಗದ ನಮ್ಮ ಮನೆಯ ಅಡುಗೆಮನೆಯಿಂದ ಮಾತಾಡುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಪರಿಸ್ಥಿತಿ ಹೀಗಿತ್ತು. ಹಾಲು ಕುಡಿದರೆ ಹೊಟ್ಟೆ ಗುಡುಗುಡು. ಚಪಾತಿ ತಿಂದರೆ ಉಬ್ಬರ. ಈರುಳ್ಳಿ ಜಾಸ್ತಿಯಾದರೆ ರಾತ್ರಿಯಿಡೀ ಸಂಕಟ. ಅದರ ಮೇಲೆ ಸ್ಕ್ಯಾನಿಂಗ್‌ನಲ್ಲಿ ಲಿವರ್‌ಗೆ ಕೊಬ್ಬು ಸೇರಿದೆ ಅಂತ ಬಂತು. ಎಂಟು ಕೆಜಿ ಇಳಿಸಿ ಅಂದರು ಡಾಕ್ಟರು.

ನಾನೇನು ಮಾಡಿದೆ ಗೊತ್ತಾ? ಒಂದೊಂದೇ ಬಿಡುತ್ತಾ ಹೋದೆ. ಹಾಲು ಬಿಟ್ಟೆ, ಮೊಸರು ಬಿಟ್ಟೆ, ಗೋಧಿ ಬಿಟ್ಟೆ, ಬೇಳೆ ಬಿಟ್ಟೆ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಒಂದು ಹಿಡಿ ಅನ್ನ, ಸೌತೆಕಾಯಿ. ತೂಕ ಇಳಿಯಿತು, ನಿಜ. ಜೊತೆಗೆ ತಲೆಕೂದಲೂ ಉದುರಿತು, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ತೀರ್ಥಹಳ್ಳಿಯಿಂದ ಬಂದ ಅಮ್ಮ ನನ್ನ ತಟ್ಟೆ ನೋಡಿ, "ಬರೀ ಸೌತೆಕಾಯಿ ತಿಂದ್ಕಂಡು ಎಷ್ಟು ದಿನ ಇರ್ತೀಯ ಮಾರಾಯ್ತಿ?" ಅಂದರು.

ಕ್ಯಾಲೊರಿ ಕಡಿಮೆ ಮಾಡುವುದು ಒಂದು ಕೆಲಸ. ಹೊಟ್ಟೆಗೆ ಒಗ್ಗದ್ದನ್ನು ಬಿಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡುವಾಗ ತಟ್ಟೆ ಬರಿದಾಗುತ್ತದೆ. ಒಂದನ್ನು ತೆಗೆದ ಜಾಗಕ್ಕೆ ಇನ್ನೊಂದನ್ನು ತಂದಿಡದಿದ್ದರೆ ಮೈ ಸೋಲುತ್ತದೆ. ಏನು ತಂದಿಡಬೇಕು ಅನ್ನುವುದನ್ನೇ ಇವತ್ತು ನೋಡೋಣ.

ಮೊದಲು ಒಂದು ಎಚ್ಚರಿಕೆ. ಒಗ್ಗದಿರುವುದು ಬೇರೆ, ಅಲರ್ಜಿ ಬೇರೆ. ಏನೋ ತಿಂದ ಕೂಡಲೇ ತುಟಿ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ಅಲರ್ಜಿ. ಅಂಥವರಿಗೆ ಒಂದು ಚೂರು ತಿಂದರೂ ಅಪಾಯ. ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ವಿಡಿಯೋ ಅವರಿಗಲ್ಲ. ಒಗ್ಗದಿರುವುದು ಅಂದರೆ ಹೆಚ್ಚಾಗಿ ಪ್ರಮಾಣದ ಪ್ರಶ್ನೆ. ಇಷ್ಟಾದರೆ ತಡೆಯುತ್ತದೆ, ಇಷ್ಟಾದರೆ ಇಲ್ಲ.

ಹಾಲನ್ನೇ ತೆಗೆದುಕೊಳ್ಳಿ. ಹಾಲಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಅಂತ ಹೆಸರು. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಎಳೆಮಕ್ಕಳಲ್ಲಿ ಅದು ಬೇಕಾದಷ್ಟಿರುತ್ತದೆ. ದೊಡ್ಡವರಾದ ಮೇಲೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಇದು ಜಾಸ್ತಿ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಇಳಿಯುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ಆ ಗುಡುಗುಡು ಅದೇ.

ಒಂದು ಲೋಟ, ಅಂದರೆ 200 ಎಂಎಲ್ ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇದೆ. ಮೊಸರಾದಾಗ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೆ ಮೂರರಷ್ಟು ನೀರು ಹಾಕಿ ಕಡೆದರೆ ಒಂದು ಸೌಟು ಮಜ್ಜಿಗೆಯಲ್ಲಿ ಒಂದು ಗ್ರಾಂ ಇದ್ದರೆ ಹೆಚ್ಚು. ಹಾಲು ಆಗದವರಲ್ಲಿ ಎಷ್ಟೋ ಜನಕ್ಕೆ ಹುಳಿ ಮಜ್ಜಿಗೆ ಆರಾಮಾಗಿ ಆಗುತ್ತದೆ. ನನಗೂ ಆಯಿತು. ನಾನು ಸುಮ್ನೆ ಎಂಟು ತಿಂಗಳು ಮಜ್ಜಿಗೆ ಮುಟ್ಟಿರಲಿಲ್ಲ!

[ಇಂಗಿನ ಡಬ್ಬಿಯನ್ನು ಕ್ಯಾಮೆರಾ ಹತ್ತಿರ ಹಿಡಿಯುವುದು. ಹಿಂಬದಿಯ ಸಣ್ಣ ಅಕ್ಷರ ಕಾಣಬೇಕು.]

ಈಗ ಗೋಧಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಗೋಧಿ ಬಿಡುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಸೀಲಿಯಾಕ್ ಕಾಯಿಲೆಯ, ಅಂದರೆ ಗೋಧಿಯ ಪ್ರೋಟೀನಿನಿಂದ ಕರುಳಿಗೆ ಪೆಟ್ಟಾಗುವ ಕಾಯಿಲೆಯ, ರಕ್ತ ಪರೀಕ್ಷೆ ಮಾಡಿಸಿ. ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ ಮಾಡಿಸಿದರೆ, ಕಾಯಿಲೆ ಇದ್ದರೂ ಇಲ್ಲ ಅಂತ ತೋರಿಸಬಹುದು. ಸೀಲಿಯಾಕ್ ಇದ್ದವರು ಗೋಧಿಯನ್ನು ಜೀವನಪೂರ್ತಿ, ಒಂದು ಚೂರೂ ಬಿಡದಂತೆ ದೂರ ಇಡಬೇಕು. ಇಲ್ಲದವರಿಗೆ ಅಷ್ಟು ಕಟ್ಟುನಿಟ್ಟು ಬೇಡ.

ಈ ಡಬ್ಬಿ ನೋಡಿ. ಇಂಗು ಅಂತ ಮುಂದೆ ದೊಡ್ಡದಾಗಿ ಬರೆದಿದೆ. ಹಿಂದೆ ತಿರುಗಿಸಿ. ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು. ಅಂಗಡಿಯಲ್ಲಿ ಸಿಗುವ ಬಹಳಷ್ಟು ಇಂಗಿನ ಪುಡಿ ಹೀಗೇ ಇರುತ್ತದೆ. ಅಕ್ಕಿ ಹಿಟ್ಟು ಸೇರಿಸಿದ್ದೂ ಸಿಗುತ್ತದೆ, ಓದಿ ಆರಿಸಿಕೊಳ್ಳಬೇಕು ಅಷ್ಟೇ. ಇನ್ನೊಂದು ಜಾಗ ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ಅಕ್ಕಿ ಸುರಿದರೆ ಮೊದಲ ಒಂದೆರಡು ಹಿಡಿಯಲ್ಲಿ ಗೋಧಿ ಸೇರಿರುತ್ತದೆ. ಸೀಲಿಯಾಕ್ ಇದ್ದವರು ಅಕ್ಕಿ, ರಾಗಿಯನ್ನು ಮನೆಯಲ್ಲೇ ಬೀಸಿಕೊಳ್ಳುವುದು ಒಳ್ಳೆಯದು.

ಆದರೆ ಗೋಧಿ ಬಿಟ್ಟದ್ದಕ್ಕೆ ಮಲೆನಾಡಿನವರು ಅಳಬೇಕಾಗಿಲ್ಲ. ನಮ್ಮದು ಅಕ್ಕಿಯ ನಾಡು. ಕಡುಬು, ಅಕ್ಕಿ ರೊಟ್ಟಿ, ನೀರುದೋಸೆ, ಗಂಜಿ ಯಾವುದರಲ್ಲೂ ಗೋಧಿ ಇಲ್ಲ. ಕಡುಬಿಗೆ ಎಣ್ಣೆಯೂ ಬೇಡ, ಹಬೆಯಲ್ಲೇ ಬೇಯುತ್ತದೆ. ಪತ್ರೊಡೆಯೂ ಹಾಗೆಯೇ. ಹಬೆಯಿಂದ ತೆಗೆದು ಬಿಸಿಬಿಸಿ ತಿಂದರೆ ಹಗುರ, ಮತ್ತೆ ಕಾವಲಿಯಲ್ಲಿ ಎಣ್ಣೆ ಹಾಕಿ ಹುರಿದರೆ ಲೆಕ್ಕ ಬೇರೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ತೆಂಗಿನೆಣ್ಣೆಯಾದರೂ ಅಷ್ಟೇ, ತುಪ್ಪವಾದರೂ ಹೆಚ್ಚುಕಡಿಮೆ ಅಷ್ಟೇ.

ಈರುಳ್ಳಿ, ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವುದು ಫ್ರಕ್ಟಾನ್ ಅನ್ನುವ, ನಮ್ಮ ಕರುಳು ಒಡೆಯಲಾರದ ಒಂದು ಬಗೆಯ ಸಕ್ಕರೆಯ ಸರಪಳಿ. ಇದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಸಾರಿನಲ್ಲಿ ಬೆಂದ ಬೆಳ್ಳುಳ್ಳಿಯನ್ನು ಎತ್ತಿ ಹೊರಗೆ ಹಾಕಿ ಪ್ರಯೋಜನವಿಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಎರಡು ಎಸಳು ಜಜ್ಜಿ ಹಾಕಿ, ಘಮ ಬಂದ ಮೇಲೆ ಎಸಳು ತೆಗೆದುಬಿಡಿ. ಪರಿಮಳ ಉಳಿಯುತ್ತದೆ, ಹೊಟ್ಟೆಯೂ ತಣ್ಣಗಿರುತ್ತದೆ. ಅದೂ ಬೇಡ ಅಂದರೆ ಅಪ್ಪೆಹುಳಿ, ಸಾಸಿವೆ, ಗೊಜ್ಜು, ತಂಬುಳಿ ಇವೆ. ಈರುಳ್ಳಿಯ ನೆನಪೇ ಆಗದಂಥ ಅಡುಗೆಗಳು.

ಯಾವುದು ಒಗ್ಗುವುದಿಲ್ಲ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ಇನ್ನೂರು ಆಹಾರಗಳನ್ನು ಒಂದೇ ಸಲ ನೋಡುತ್ತೇವೆ ಅನ್ನುವ ಐಜಿಜಿ ರಕ್ತ ಪರೀಕ್ಷೆಗೆ ನಾನು ಸಾವಿರಾರು ರೂಪಾಯಿ ಕೊಟ್ಟೆ. ಅಕ್ಕಿಯೂ ಆಗುವುದಿಲ್ಲ ಅಂತ ಬಂತು! ಆಮೇಲೆ ನಮ್ಮ ಡಾಕ್ಟರು ವಿವರಿಸಿದರು. ಐಜಿಜಿ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ. ನಾವು ದಿನಾ ತಿನ್ನುವುದು ಯಾವುದೋ ಅದಕ್ಕೆ ಐಜಿಜಿ ಇರುವುದು ಸಹಜ, ಅದು ಒಗ್ಗದಿರುವುದರ ಗುರುತಲ್ಲ. ದಯವಿಟ್ಟು ಆ ದುಡ್ಡು ಉಳಿಸಿಕೊಳ್ಳಿ.

ಕೆಲಸಕ್ಕೆ ಬರುವ ದಾರಿ ಆಸ್ಟ್ರೇಲಿಯಾದ ಮೊನ್ಯಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು. ಫಾಡ್‌ಮ್ಯಾಪ್ ಪಥ್ಯ ಅಂತ ಕರೆಯುತ್ತಾರೆ. ಲ್ಯಾಕ್ಟೋಸ್, ಫ್ರಕ್ಟಾನ್ ಥರ ಕರುಳಿನಲ್ಲಿ ಹುಳಿಯುವ ಸಕ್ಕರೆಗಳಿಗೆ ಒಟ್ಟಾಗಿ ಇರುವ ಹೆಸರು ಅದು. ಎರಡರಿಂದ ಆರು ವಾರ ಸಂಶಯ ಇರುವುದನ್ನೆಲ್ಲ ನಿಲ್ಲಿಸುವುದು. ಆಮೇಲೆ ಒಂದೊಂದನ್ನೇ ವಾಪಸ್ ತರುವುದು. ಬಹಳ ಜನ ಮೊದಲ ಹೆಜ್ಜೆಯಲ್ಲೇ ನಿಂತುಬಿಡುತ್ತಾರೆ. ನಿಜವಾದ ಕೆಲಸ ಇರುವುದು ಎರಡನೆಯದರಲ್ಲಿ. ಸಾಧ್ಯವಾದರೆ ಡಯಟಿಷಿಯನ್ ಜೊತೆಗಿರಲಿ.

[ನೋಟ್‌ಬುಕ್ಕಿನ ಪುಟ ಹತ್ತಿರದಿಂದ.]

ಇದು ನನ್ನ ಪುಸ್ತಕ. ನೋಡಿ, ಸೋಮವಾರ: ಈರುಳ್ಳಿ ಒಂದು ಚಮಚ, ಏನೂ ಆಗಲಿಲ್ಲ. ಮಂಗಳವಾರ: ಎರಡು ಚಮಚ, ಸ್ವಲ್ಪ ಉಬ್ಬರ. ಬುಧವಾರ: ಅರ್ಧ ಈರುಳ್ಳಿ, ರಾತ್ರಿ ಎರಡು ಗಂಟೆಗೆ ಎದ್ದೆ. ಇದಾದ ಮೇಲೆ ಮೂರು ದಿನ ಹೊಟ್ಟೆಗೆ ಬಿಡುವು. ಆಮೇಲೆ ಮುಂದಿನ ಪದಾರ್ಥ. ಹೀಗೆ ನೋಡಿದಾಗ ಹೆಸರುಬೇಳೆ ನನಗೆ ಚೆನ್ನಾಗಿ ಒಗ್ಗುತ್ತದೆ ಅಂತ ಗೊತ್ತಾಯಿತು. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ಗ್ಯಾಸ್ ಮಾಡುವ ಸಕ್ಕರೆಯ ಒಂದು ಪಾಲು ನೀರಿನ ಜೊತೆಗೇ ಹೋಗುತ್ತದೆ.

[ಕಾಯಿ ತುರಿಯುವ ಶಬ್ದ. ತುರಿಯನ್ನು ತಕ್ಕಡಿಗೆ ಹಾಕುವುದು.]

ಈಗ ಕ್ಯಾಲೊರಿ. ನಾವು ಅನ್ನವನ್ನು ಬೈಯುತ್ತೇವೆ. 150 ಗ್ರಾಂ ಅನ್ನ, ಅಂದರೆ ಒಂದು ಬಟ್ಟಲು, ಸುಮಾರು 200 ಕ್ಯಾಲೊರಿ. ಆದರೆ ಇದನ್ನು ನೋಡಿ. ಒಂದು ಕಡಿ ಕಾಯಿ ತುರಿದೆ, 110 ಗ್ರಾಂ ಬಂತು. 100 ಗ್ರಾಂ ಹಸಿ ಕಾಯಿಯಲ್ಲಿ 350ರಿಂದ 400 ಕ್ಯಾಲೊರಿ. ನಮ್ಮಲ್ಲಿ ಕಾಯಿ ಹಾಕದ ಅಡುಗೆ ಯಾವುದಿದೆ ಹೇಳಿ? ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿ, ಪಲ್ಯ, ತಂಬುಳಿ. ಒಂದು ವಾರ ತೂಗಿ ನೋಡಿದೆ. ನನ್ನೊಬ್ಬಳ ಪಾಲಿಗೇ ದಿನಕ್ಕೆ 90 ಗ್ರಾಂ ಹೋಗುತ್ತಿತ್ತು. ಈಗ 25 ಗ್ರಾಂ. ಅಷ್ಟರಿಂದಲೇ ದಿನಕ್ಕೆ 200ಕ್ಕೂ ಜಾಸ್ತಿ ಕ್ಯಾಲೊರಿ ಇಳಿಯಿತು, ಹೊಟ್ಟೆ ತುಂಬುವ ಊಟ ಒಂದು ತುತ್ತೂ ಕಡಿಮೆಯಾಗಲಿಲ್ಲ. ಕಾಯಿಯನ್ನು ಪೂರ್ತಿ ಬಿಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅದಿಲ್ಲದೆ ನಮ್ಮ ಅಡುಗೆಗೆ ಅರ್ಥವೇ ಇಲ್ಲ.

25 ಗ್ರಾಂ ಕಾಯಲ್ಲಿ ನಾಲ್ಕು ಜನಕ್ಕೆ ಒಂದೆಲಗದ ತಂಬುಳಿ ಮಾಡೋಣ. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಐದಾರು ಕಾಳುಮೆಣಸು ಹುರಿಯಿರಿ. ತೊಳೆದ ಎಲೆಯನ್ನೂ ಅದರಲ್ಲೇ ಬಾಡಿಸಿ. ಆರಿದ ಮೇಲೆ ಕಾಯಿ ಸೇರಿಸಿ ನುಣ್ಣಗೆ ರುಬ್ಬಿ. ನುಣ್ಣಗೆ ಅಂದೆ, ಗಮನಿಸಿ. ಕಾಯಿ ಕಡಿಮೆ ಇದ್ದಾಗ ತರಿತರಿ ಉಳಿದರೆ ತಂಬುಳಿ ನೀರುನೀರಾಗುತ್ತದೆ. ಹುಳಿ ಮಜ್ಜಿಗೆ, ಉಪ್ಪು. ಸಾಸಿವೆ, ಒಣಮೆಣಸಿನ ಒಗ್ಗರಣೆ. ಕುದಿಸುವುದು ಬೇಡ. ಮಜ್ಜಿಗೆಯೂ ಆಗದವರು ಮುರುಗನ ಹುಳಿ ನೆನೆಸಿದ ನೀರು ಹಾಕಿ. ಬಣ್ಣ ಬದಲಾಗುತ್ತದೆ, ರುಚಿ ಚೆನ್ನಾಗಿರುತ್ತದೆ.

ಹೊಟ್ಟೆ ತುಂಬಿಸಲು ಬಾಳೆದಿಂಡು, ಮೊಗೆಕಾಯಿ, ಬೂದುಗುಂಬಳ ಇವೆ. ಮಳೆಗಾಲದಲ್ಲಿ ಕಳಲೆ ಸಿಗುತ್ತದೆ. ಅದನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ.

ನಾನು ಮೊದಲ ಸಲ ಸೋತದ್ದು ಪ್ರೋಟೀನ್ ವಿಷಯದಲ್ಲಿ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 60 ಕೆಜಿ ಇದ್ದರೆ 50 ಗ್ರಾಂ. ನನ್ನ ಲೆಕ್ಕ ಹೇಳುತ್ತೇನೆ. ಎರಡು ಮೊಟ್ಟೆ 12 ಗ್ರಾಂ. 60 ಗ್ರಾಂ ಹೆಸರುಬೇಳೆ, ಎರಡು ಹೊತ್ತಿಗೆ ಹಂಚಿ, 14 ಗ್ರಾಂ. ದಿನದ ಅಕ್ಕಿಯಿಂದ 10. 100 ಗ್ರಾಂ ಹೊಳೆ ಮೀನಿನಲ್ಲಿ 16 ಅಥವಾ 17. ಸರಿಹೋಯಿತು. ಮೀನು, ಮೊಟ್ಟೆ ತಿನ್ನದವರಿಗೆ ಇದು ಕಷ್ಟ. ಬೇಳೆ ಜಾಸ್ತಿ ಮಾಡಿ, ತೋಫು ಒಗ್ಗಿದರೆ ಸೇರಿಸಿ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರನ್ನು ಸ್ವಲ್ಪ ಸ್ವಲ್ಪವೇ ಪರೀಕ್ಷೆ ಮಾಡಿ ನೋಡಿ.

ಹಾಲು ಬಿಟ್ಟವರಿಗೆ ಸುಣ್ಣದಂಶದ ಚಿಂತೆ ಇದ್ದೇ ಇದೆ. ರಾಗಿ, ನುಗ್ಗೆಸೊಪ್ಪು ಎರಡರಲ್ಲೂ 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಇದೆ. ಜೊತೆಗೆ ಒಂದು ಚಮಚ ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು. ದಿನದ 1000 ಮಿಲಿಗ್ರಾಂ ಇದರಿಂದ ತುಂಬದಿದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಹಾಗೆಯೇ 800 ಕ್ಯಾಲೊರಿಯ ಪಥ್ಯವನ್ನು ವೈದ್ಯರ ನಿಗಾ ಇಲ್ಲದೆ ಯಾರೂ ಶುರು ಮಾಡಬೇಡಿ.

ಒಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮ ಕಾಡಿನ ಹುಳಿ ಹಣ್ಣು ಉಪ್ಪಾಗೆ ಗೊತ್ತಲ್ವಾ? ಅದರ ಸಾರವನ್ನೇ ಗಾರ್ಸಿನಿಯಾ ಅನ್ನುವ ಹೆಸರಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರುತ್ತಾರೆ. ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಅದನ್ನು ನುಂಗಿ ಲಿವರ್ ಕೆಟ್ಟ ಪ್ರಕರಣಗಳು ಮಾತ್ರ ದಾಖಲಾಗಿವೆ. ಸಾರಿಗೆ ಎರಡು ಒಣ ಸಿಪ್ಪೆ ಹಾಕುವುದು ಬೇರೆ, ಮಾತ್ರೆ ನುಂಗುವುದು ಬೇರೆ. ಲಿವರ್‌ಗೆ ಕೊಬ್ಬು ಸೇರಿದೆ ಅಂತ ಗೊತ್ತಿದ್ದೂ ನಾನು ಆ ಡಬ್ಬಿ ತರಿಸುವವಳಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

[ಬಟ್ಟಲಲ್ಲಿ ಅನ್ನ, ತಂಬುಳಿ, ಬಾಳೆದಿಂಡಿನ ಪಲ್ಯ, ಒಂದು ಬೇಯಿಸಿದ ಮೊಟ್ಟೆ.]

ಹದಿನಾಲ್ಕು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದೇನೆ. ಮೆಟ್ಟಿಲು ಹತ್ತುವಾಗ ಈಗ ಕಾಲು ನಡುಗುವುದಿಲ್ಲ. ಈ ವಾರ ಪುಸ್ತಕದಲ್ಲಿ ಹಲಸಿನ ಹಣ್ಣಿನ ಸರದಿ. ಮೊನ್ನೆ ಎರಡು ತೊಳೆ ತಿಂದೆ, ಏನೂ ಆಗಲಿಲ್ಲ. ನಿನ್ನೆ ನಾಲ್ಕು. ಇವತ್ತು ಆರು ತಿಂದು ನೋಡಬೇಕು. ಅಮ್ಮ ಆಗಲೇ ಹಣ್ಣು ಬಿಡಿಸುತ್ತಾ ಕೂತಿದ್ದಾರೆ, ಕೈಗೆ ಎಣ್ಣೆ ಹಚ್ಚಿಕೊಂಡು. ಊಟ ಮುಗಿಸಿ ನಾನೂ ಹೋಗುತ್ತೇನೆ.