ಬೇಸಿಗೆ ರಜೆ ಕೇಳಿ ಪಡೆದ ಸಂಯೋಜಕ: ಮಿಕ್ಲೋಶ್ ರೋಝಾ

ಎಲ್ಲರಿಗೂ ನಮಸ್ಕಾರ. ಇವತ್ತು ಒಬ್ಬರೇ ಒಬ್ಬರ ಬಗ್ಗೆ ಮಾತಾಡುತ್ತೇನೆ. ಹೆಸರು ಮಿಕ್ಲೋಶ್ ರೋಝಾ. ಹಂಗೇರಿಯವರು. ಹೆಸರು ಕೇಳಿಲ್ಲದಿದ್ದರೂ 'ಬೆನ್ ಹರ್' ನೋಡಿದವರು ಇಲ್ಲಿ ತುಂಬಾ ಜನ ಇರಬೇಕು, ಅದರ ಸಂಗೀತ ಇವರದೇ. ಮೂರು ಆಸ್ಕರ್ ಗೆದ್ದವರು. ಅದೇ ಮನುಷ್ಯ ಯಾಶಾ ಹೈಫೆಟ್ಜ್ ಅವರಂಥ ವಯೊಲಿನ್ ದಿಗ್ಗಜರಿಗೆ ಕಾನ್ಸರ್ಟೊ, ಅಂದರೆ ಒಂದು ವಾದ್ಯ ಮುಂದೆ ನಿಂತು ಆರ್ಕೆಸ್ಟ್ರಾ ಜತೆ ನುಡಿಸುವ ಕೃತಿ, ಬರೆದುಕೊಟ್ಟವರು. ಹಾಲಿವುಡ್‌ಗೂ ದುಡಿದರು, ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳಿಗೂ ಬರೆದರು. ತಮ್ಮ ಆತ್ಮಕಥೆಗೆ 'ಡಬಲ್ ಲೈಫ್' ಅಂತಲೇ ಹೆಸರಿಟ್ಟರು. ಆ ಹೆಸರಿನ ಬಗ್ಗೆ ನನ್ನದೊಂದು ಸಣ್ಣ ತಕರಾರಿದೆ. ಅವರು ಎರಡು ಕೆಲಸಗಳಿಗೆ ಬೇರೆ ಬೇರೆ ತಿಂಗಳು ಕೊಟ್ಟಿದ್ದು ನಿಜ, ಆದರೆ ಸಂಗೀತ ಕೇಳುತ್ತಾ ಹೋದರೆ ಆ ಗೋಡೆ ಎಲ್ಲೂ ಸಿಗುವುದಿಲ್ಲ.

ಹುಟ್ಟಿದ್ದು 1907ರಲ್ಲಿ, ಬುಡಾಪೆಸ್ಟ್‌ನಲ್ಲಿ. ಅಮ್ಮ ಪಿಯಾನೊ ಕಲಿತವರು. ಅಪ್ಪನಿಗೆ ಹಳ್ಳಿಯಲ್ಲಿ ಜಮೀನಿತ್ತು. ರಜೆಗೆ ಅಲ್ಲಿಗೆ ಹೋದಾಗ ಹುಡುಗ ಪಾಲೊಟ್ಸ್ ಅನ್ನುವ ಅಲ್ಲಿನ ಜನರ ಹಾಡು ಕೇಳಿ ಬರೆದುಕೊಳ್ಳುತ್ತಿದ್ದ. ಈ ಹಳ್ಳಿ ಹಾಡಿನ ವಿಷಯ ಸ್ವಲ್ಪ ನೆನಪಲ್ಲಿಡಿ. ಆಮೇಲೆ ಅವರು ರೋಮ್ ಬಗ್ಗೆ ಬರೆದರೂ ಬಾಗ್ದಾದ್ ಬಗ್ಗೆ ಬರೆದರೂ ಒಳಗಿಂದ ಆ ಹಂಗೇರಿಯ ಹಳ್ಳಿಯ ಧಾಟಿ ಇಣುಕುತ್ತಲೇ ಇರುತ್ತದೆ.

ಓದಲು ಜರ್ಮನಿಯ ಲೈಪ್‌ಜಿಗ್‌ಗೆ ಹೋದರು. ಅಪ್ಪನ ಸಮಾಧಾನಕ್ಕೆ ಅಂತ ಸೇರಿದ್ದು ಕೆಮಿಸ್ಟ್ರಿಗೆ! ಅದು ಜಾಸ್ತಿ ದಿನ ನಡೆಯಲಿಲ್ಲ ಬಿಡಿ, ಸಂಗೀತ ಶಾಲೆಗೆ ದಾಟಿಕೊಂಡರು. ಆಮೇಲೆ ಪ್ಯಾರಿಸ್. ಅಷ್ಟರಲ್ಲಿ ಅವರ ಕೃತಿಗಳು ಅಚ್ಚಾಗುತ್ತಿದ್ದವು, ಹೆಸರಾಂತ ಆರ್ಕೆಸ್ಟ್ರಾಗಳು ನುಡಿಸುತ್ತಿದ್ದವು, ಒಳ್ಳೆಯ ಮಾತೂ ಬರುತ್ತಿತ್ತು. ಬಾಡಿಗೆಗೆ ದುಡ್ಡು ಮಾತ್ರ ಬರುತ್ತಿರಲಿಲ್ಲ. ನಿಕ್ ತೊಮಾಯ್ ಅನ್ನುವ ಸುಳ್ಳು ಹೆಸರಿನಲ್ಲಿ ಲಘು ಸಂಗೀತ ಬರೆದು ಹೊಟ್ಟೆ ಹೊರೆದುಕೊಂಡರು.

1934ರಲ್ಲಿ ಪ್ಯಾರಿಸ್‌ನಲ್ಲಿ ಇವರದೂ ಆರ್ಥರ್ ಹೊನೆಗ್ಗರ್ ಅವರದೂ ಸೇರಿ ಒಂದು ಕಛೇರಿ ಆಯಿತು. ಹೊನೆಗ್ಗರ್ ಆಗಲೇ ದೊಡ್ಡ ಹೆಸರು. ಕಛೇರಿ ಮುಗಿದ ಮೇಲೆ ರೋಝಾ ಕೇಳಿಯೇಬಿಟ್ಟರು, ನೀವು ಸಂಸಾರ ಹೇಗೆ ನಡೆಸುತ್ತೀರಿ ಅಂತ. ಸಿನಿಮಾ ಸಂಗೀತದಿಂದ, ಅಂದರು ಹೊನೆಗ್ಗರ್. ರೋಝಾಗೆ ನಂಬಿಕೆ ಬರಲಿಲ್ಲ. ಇಷ್ಟು ಗಂಭೀರವಾದ ಮನುಷ್ಯ ಸಿನಿಮಾಕ್ಕೆ ಕುಣಿತದ ಹಾಡು ಬರೆಯುತ್ತಾನಾ? ಹೊನೆಗ್ಗರ್ ಸಂಗೀತ ಕೊಟ್ಟಿದ್ದ 'ಲೆ ಮಿಸೆರಾಬ್ಲ್' ಹೋಗಿ ನೋಡಿದ ಮೇಲೆ ಗೊತ್ತಾಯಿತು, ಇಲ್ಲೂ ನಿಜವಾದ ಸಂಗೀತ ಬರೆಯಬಹುದು ಅಂತ.

ಅಲ್ಲಿಂದ ಲಂಡನ್. ಅಲ್ಲಿ ಹಂಗೇರಿಯವರೇ ಆದ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಸಿಕ್ಕರು. 1937ರಲ್ಲಿ ಮೊದಲ ಸಿನಿಮಾ. ನಂತರ 'ದಿ ಥೀಫ್ ಆಫ್ ಬಾಗ್ದಾದ್' ಬಂತು, ಇದರ ಕಥೆ ಸ್ವಾರಸ್ಯವಾಗಿದೆ. ಮೊದಲು ಆ ಕೆಲಸ ಇದ್ದದ್ದು ವಿಯೆನ್ನಾದ ಆಪರೆಟಾ (ಹಗುರ ಸಂಗೀತ ನಾಟಕ) ಸಂಯೋಜಕ ಆಸ್ಕರ್ ಸ್ಟ್ರಾಸ್ ಕೈಯಲ್ಲಿ. ನಿರ್ದೇಶಕರಿಗೆ ಅವರೇ ಬೇಕು, ಕೋರ್ಡಾಗೆ ರೋಝಾ ಬೇಕು. ಕೋರ್ಡಾ ಏನು ಮಾಡಿದರು ಗೊತ್ತಾ? ರೋಝಾ ಹೇಳುವ ಪ್ರಕಾರ, ನಿರ್ದೇಶಕರ ಆಫೀಸಿನ ಪಕ್ಕದ ಕೋಣೆಯಲ್ಲಿ ಇವರನ್ನು ಪಿಯಾನೊ ಕೊಟ್ಟು ಕೂರಿಸಿ, ದಿನವಿಡೀ ನಿಮ್ಮದೇ ಸಂಗೀತ ನುಡಿಸ್ತಾ ಇರಿ ಅಂದರಂತೆ. ಕೊನೆಗೆ ನಿರ್ದೇಶಕರೇ ಸೋತು ಒಳಗೆ ಬಂದು ಕೇಳಿದರು.

ಈ ಸಿನಿಮಾದಲ್ಲಿ ನಮ್ಮವನೊಬ್ಬನಿದ್ದಾನೆ. ಸಾಬು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ, 'ಎಲಿಫೆಂಟ್ ಬಾಯ್'ಗಾಗಿ ಹುಡುಗನನ್ನು ಹುಡುಕುತ್ತಾ ಬಂದವರ ಕಣ್ಣಿಗೆ ಬಿದ್ದು ಲಂಡನ್ ಸೇರಿದವನು. 'ಥೀಫ್'ನಲ್ಲಿ ಅವನು ಕಳ್ಳ ಹುಡುಗ ಅಬು. ನಾವಿಕನಾಗಬೇಕು ಅಂತ ಅವನು ಹಾಡುವ ಒಂದು ಪುಟ್ಟ ಹಾಡಿದೆ, ಅದರ ರಾಗ ರೋಝಾ ಹಾಕಿದ್ದು. ಅಷ್ಟೇ ಅಲ್ಲ. ಯುದ್ಧ ಶುರುವಾಗಿ ತಂಡ 1940ರಲ್ಲಿ ಹಾಲಿವುಡ್‌ಗೆ ಹೋಯಿತು, 1942ರಲ್ಲಿ 'ಜಂಗಲ್ ಬುಕ್' ಬಂತು, ಸಾಬು ಮೋಗ್ಲಿ. ಅದರ ಸಂಗೀತವನ್ನು ರೋಝಾ ಕಛೇರಿಗೆ ಹೊಂದುವ ಹಾಗೆ ಒಂದು ಸ್ವೀಟ್ (suite), ಅಂದರೆ ತುಣುಕುಗಳ ಮಾಲೆ, ಮಾಡಿ ಗ್ರಾಮಫೋನ್ ತಟ್ಟೆಗಳಲ್ಲಿ ತಂದರು. ನಡುನಡುವೆ ಕಥೆ ಹೇಳುವ ದನಿ ಸಾಬುವಿನದು. ಅಮೆರಿಕದಲ್ಲಿ ಸಿನಿಮಾದ ಹಿನ್ನೆಲೆ ಸಂಗೀತ ತಟ್ಟೆಯಾಗಿ ಮಾರಾಟಕ್ಕೆ ಬಂದ ತೀರಾ ಮೊದಲ ಉದಾಹರಣೆಗಳಲ್ಲಿ ಇದೊಂದು. ಮೈಸೂರಿನವರಿಗೆ ಇದು ಎಷ್ಟು ಗೊತ್ತಿದೆಯೋ!

ಈಗ 1943ರ ನವೆಂಬರ್ 14ಕ್ಕೆ ಬನ್ನಿ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಕಛೇರಿ. ಅವತ್ತು ಕಂಡಕ್ಟ್ ಮಾಡಬೇಕಿದ್ದ ಬ್ರೂನೋ ವಾಲ್ಟರ್‌ಗೆ ಫ್ಲೂ. ರಿಹರ್ಸಲ್ ಕೂಡ ಇಲ್ಲದೆ 25 ವರ್ಷದ ಸಹಾಯಕನೊಬ್ಬ ವೇದಿಕೆ ಹತ್ತಿದ. ಲಿಯೊನಾರ್ಡ್ ಬರ್ನ್‌ಸ್ಟೈನ್. ರೇಡಿಯೊದಲ್ಲಿ ಇಡೀ ದೇಶ ಕೇಳಿತು, ಒಂದೇ ಮಧ್ಯಾಹ್ನಕ್ಕೆ ಅವನು ಮನೆಮಾತಾದ. ಈ ಕಥೆ ಎಲ್ಲರೂ ಹೇಳುತ್ತಾರೆ. ಅವತ್ತು ನುಡಿಸಿದ ಕೃತಿಗಳ ಪಟ್ಟಿಯಲ್ಲಿ ಶೂಮನ್, ರಿಚರ್ಡ್ ಸ್ಟ್ರಾಸ್, ವಾಗ್ನರ್ ಜತೆ ರೋಝಾ ಅವರ 'ಥೀಮ್, ವೇರಿಯೇಷನ್ಸ್ ಅಂಡ್ ಫಿನಾಲೆ' ಇತ್ತು ಅನ್ನುವುದನ್ನು ಮಾತ್ರ ಯಾಕೋ ಮರೆತುಬಿಡುತ್ತಾರೆ. ಆ ಪಟ್ಟಿಯಲ್ಲಿ ಬದುಕಿದ್ದ ಸಂಯೋಜಕರಲ್ಲಿ ಒಬ್ಬರು 36ರ ಹರೆಯದ ಇವರು, ಹಗಲೆಲ್ಲಾ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದವರು!

ಎರಡು ವರ್ಷ ಆದ ಮೇಲೆ ಥೆರಮಿನ್ ಬಂತು. ಇದು ಮುಟ್ಟದೇ ನುಡಿಸುವ ವಾದ್ಯ, ಎರಡು ಆಂಟೆನಾಗಳ ಹತ್ತಿರ ಗಾಳಿಯಲ್ಲಿ ಕೈ ಆಡಿಸಿದರೆ ಸ್ವರ ಏರುತ್ತೆ, ಇಳಿಯುತ್ತೆ, ಅಳುವ ಥರ ನಡುಗುತ್ತೆ. ನುಡಿಸಿದವರು ಸ್ಯಾಮ್ಯುಯೆಲ್ ಹಾಫ್‌ಮನ್, ವೃತ್ತಿಯಲ್ಲಿ ಪಾದದ ಡಾಕ್ಟರು. ಹಿಚ್‌ಕಾಕ್‌ರ 'ಸ್ಪೆಲ್‌ಬೌಂಡ್'ನಲ್ಲಿ ನಾಯಕನ ಮನಸ್ಸು ತಪ್ಪುವಾಗೆಲ್ಲ ಈ ದನಿ. ಅದೇ ವರ್ಷ 'ದಿ ಲಾಸ್ಟ್ ವೀಕೆಂಡ್'ನಲ್ಲಿ ಕುಡುಕನಿಗೆ ಚಟ ಏಳುವಾಗಲೂ ಇದೇ ದನಿ. 'ಸ್ಪೆಲ್‌ಬೌಂಡ್' ನಿರ್ಮಾಪಕ ಸೆಲ್ಜ್‌ನಿಕ್ ಗರಂ ಆದರು, ನಮ್ಮ ವಾದ್ಯ ಅಲ್ಲಿಗೂ ಕೊಟ್ಟಿರಾ ಅಂತ. ಹೌದು, ಪಿಕೊಲೊ, ಟ್ರಂಪೆಟ್, ಟ್ರಯಾಂಗಲ್, ವಯೊಲಿನ್ ಕೂಡ ಬಳಸಿದ್ದೇನೆ ಅಂದರಂತೆ ಇವರು. 'ಸ್ಪೆಲ್‌ಬೌಂಡ್'ಗೆ ಆಸ್ಕರ್ ಬಂತು. ಹಿಚ್‌ಕಾಕ್‌ಗೆ ಮಾತ್ರ ಆ ಸಂಗೀತ ಹಿಡಿಸಲೇ ಇಲ್ಲ.

ಎಂಜಿಎಂ ಸ್ಟುಡಿಯೊ ಇವರನ್ನು ಕಾಯಂ ತೆಗೆದುಕೊಂಡಾಗ ಇವರು ಕರಾರಿನಲ್ಲಿ ಹಾಕಿಸಿಕೊಂಡ ಷರತ್ತು ನನಗೆ ಇವರ ಬದುಕಿನಲ್ಲೇ ಮುಖ್ಯ ಅನಿಸುತ್ತದೆ. ವರ್ಷಕ್ಕೆ ಮೂರು ತಿಂಗಳು ಬೇಸಿಗೆ ರಜೆ ಬೇಕು, ಆಗ ಸಿನಿಮಾ ಮುಟ್ಟುವುದಿಲ್ಲ, ನನ್ನ ಸಂಗೀತ ನಾನು ಬರೆದುಕೊಳ್ಳುತ್ತೇನೆ. ಎಷ್ಟೋ ಪ್ರತಿಭಾವಂತರು ಸಮಯ ಸಿಕ್ಕಾಗ ನೋಡೋಣ ಅಂತಲೇ ಮುಗಿದುಹೋದರು. ಇವರು ಸಮಯವನ್ನು ಸಂಬಳದ ಹಾಗೆ ಬರೆಸಿಕೊಂಡರು.

1953ರ ಅಂಥದ್ದೇ ಬೇಸಿಗೆಯಲ್ಲಿ ಇಟಲಿಯ ರಪಾಲೊ ಅನ್ನುವ ಕಡಲೂರಿನಲ್ಲಿ ಕೂತು ಆರು ವಾರಗಳಲ್ಲಿ ವಯೊಲಿನ್ ಕಾನ್ಸರ್ಟೊ ಬರೆದರು. ಮೊದಲ ಭಾಗ ಬರೆದು ತೋರಿಸಿ, ಆಮೇಲೆ ನೋಡೋಣ ಅಂದಿದ್ದರು ಹೈಫೆಟ್ಜ್. ಇವರು ಮೂರೂ ಭಾಗ ಮುಗಿಸಿಕೊಂಡೇ ಬಂದರು. ಹೈಫೆಟ್ಜ್ 1956ರಲ್ಲಿ ಡಲ್ಲಾಸ್‌ನಲ್ಲಿ ಮೊದಲ ಬಾರಿ ನುಡಿಸಿದರು.

ಸಿನಿಮಾದ ಕೆಲಸ ಇದಕ್ಕಿಂತ ಎಷ್ಟು ಬೇರೆ ಅಂತ 'ಬೆನ್ ಹರ್'ನಲ್ಲಿ ನೋಡಿ. ಹಡಗಿನ ದೃಶ್ಯ. ಸುತ್ತಿಗೆಯಲ್ಲಿ ಒಬ್ಬ ತಾಳ ಬಡಿಯುತ್ತಾನೆ, ಗುಲಾಮರು ಹುಟ್ಟು ಹಾಕುತ್ತಾರೆ, ಅಧಿಕಾರಿ ವೇಗ ಏರಿಸು ಅನ್ನುತ್ತಾ ಹೋಗುತ್ತಾನೆ. ಆರ್ಕೆಸ್ಟ್ರಾ ಆ ಸುತ್ತಿಗೆಗೇ ಕಟ್ಟಿಕೊಂಡಿದೆ. ತಾಳ ಬಿಗಿಯಾದಷ್ಟೂ ಸಂಗೀತಕ್ಕೆ ಏದುಸಿರು ಬರುತ್ತೆ, ನಮಗೂ ಬರುತ್ತೆ. ಇಲ್ಲಿ ಸಂಯೋಜಕನ ಕೈಯಲ್ಲಿ ಲಯವೂ ಇಲ್ಲ, ಅವಧಿಯೂ ಇಲ್ಲ. ಎರಡನ್ನೂ ಚಿತ್ರ ಕೊಡುತ್ತೆ, ಅದರೊಳಗೇ ಏನಾದರೂ ಮಾಡಬೇಕು. ಇನ್ನು ರಥದ ಓಟಕ್ಕೆ ಬನ್ನಿ. ಓಟಕ್ಕೆ ಮೊದಲಿನ ಮೆರವಣಿಗೆಗೆ ಕಹಳೆ, ಡೋಲು, ಭರ್ಜರಿ ಸಂಗೀತ. ಓಟ ಶುರುವಾದ ಕ್ಷಣದಿಂದ ಏನೂ ಇಲ್ಲ. ಬರೀ ಗೊರಸು, ಚಕ್ರ, ಜನರ ಕೂಗು. ಸುಮ್ನಿರುವುದು ಯಾವಾಗ ಅಂತ ಗೊತ್ತಿರುವುದೂ ಈ ಕೆಲಸದ ಭಾಗವೇ ಅಲ್ವಾ?

ವಿಮರ್ಶಕರು ಇವರನ್ನು ಸುಮ್ಮನೆ ಬಿಡಲಿಲ್ಲ. ಯಾವ ಕಾನ್ಸರ್ಟೊ ಬಂದರೂ ಇದರಲ್ಲಿ ಹಾಲಿವುಡ್ ಕೇಳಿಸುತ್ತೆ ಅನ್ನುವುದು ಅವರ ಅಭ್ಯಾಸ. ನಮ್ಮಲ್ಲಿ ಸರೋದ್ ವಾದಕ ರಾಜೀವ ತಾರಾನಾಥರು 'ಸಂಸ್ಕಾರ'ಕ್ಕೆ ಸಂಗೀತ ಕೊಟ್ಟರು. ಅದರಿಂದ ಅವರ ಕಛೇರಿಯ ತೂಕ ಕಡಿಮೆಯಾಯಿತು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ರೋಝಾಗೆ ಆ ಅದೃಷ್ಟ ಇರಲಿಲ್ಲ. ಆದರೆ ಹಾಲಿವುಡ್ ಅಂದರೆ ನಮಗೆ ನೆನಪಾಗುವ ನಾದದ ದೊಡ್ಡ ಪಾಲನ್ನು ಕಟ್ಟಿದ್ದೇ ಇಂಥ ಕಛೇರಿ ಸಂಯೋಜಕರು. ಹಾಗಿದ್ದ ಮೇಲೆ ಯಾರದ್ದು ಯಾರಲ್ಲಿ ಕೇಳಿಸುತ್ತಿದೆ ಅಂತ ಹೇಗೆ ಹೇಳುವುದು?

ಸಿನಿಮಾ ನಿರ್ದೇಶಕ ಬಿಲ್ಲಿ ವೈಲ್ಡರ್ ಈ ಪ್ರಶ್ನೆಯನ್ನೇ ತಲೆಕೆಳಗು ಮಾಡಿದರು. ಹೈಫೆಟ್ಜ್ ನುಡಿಸಿದ ಆ ಕಾನ್ಸರ್ಟೊ ರೆಕಾರ್ಡ್ ಅವರಿಗೆ ಪ್ರಾಣ. ಷರ್ಲಾಕ್ ಹೋಮ್ಸ್ ಬಗ್ಗೆ ಸಿನಿಮಾ ಮಾಡುವಾಗ, ಹೋಮ್ಸ್ ಹೇಗೂ ವಯೊಲಿನ್ ನುಡಿಸುವವನು, ಇದನ್ನೇ ಸಿನಿಮಾಕ್ಕೆ ಹೊಂದಿಸಿ ಕೊಡಿ ಅಂತ ರೋಝಾ ಅವರನ್ನೇ ಕೇಳಿದರು. 1970ರಲ್ಲಿ ಅದು ತೆರೆಗೆ ಬಂತು. ಎರಡನೇ ಭಾಗದ ನಿಧಾನ ರಾಗ ಅಲ್ಲಿ ಪ್ರೇಮದ ರಾಗವಾಯಿತು. ಬ್ಯಾಲೆ ದೃಶ್ಯದಲ್ಲಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಆಗಿ ರೋಝಾ ಅವರೇ ಕಾಣಿಸಿಕೊಳ್ಳುತ್ತಾರೆ.

1982ರಲ್ಲಿ ಪಾರ್ಶ್ವವಾಯು ಹೊಡೆಯಿತು. ಸಿನಿಮಾ ನಿಂತಿತು, ಬರವಣಿಗೆ ನಿಲ್ಲಲಿಲ್ಲ. ಕೊಳಲು, ಕ್ಲಾರಿನೆಟ್, ಗಿಟಾರ್ ಹೀಗೆ ಒಂದೊಂದೇ ವಾದ್ಯಕ್ಕೆ ಬರೆದರು. 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು.

ಮಾತು ಸಾಕು, ಕೇಳೋಣ. ಮೊದಲು ಹೈಫೆಟ್ಜ್ ನುಡಿಸಿರುವ ಎರಡನೇ ಭಾಗ, ಅದರ ಬೆನ್ನಿಗೇ ಹೋಮ್ಸ್ ಸಿನಿಮಾದ ತುಣುಕು. ಆಮೇಲೆ ಪ್ರಶ್ನೆಗಳಿದ್ದರೆ ಕೇಳಿ, ಜಗಳಕ್ಕೂ ನಾನು ರೆಡಿ.