ಮೊದಲಿನ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ತುಮರಿಯ ಕಡೆ ಬಾಳಿ, 2019ರ ಮಳೆಗಾಲದಲ್ಲಿ 86ನೆಯ ವಯಸ್ಸಿಗೆ ತೀರಿಕೊಂಡ ನನ್ನ ಅಜ್ಜನನ್ನು ಇಂದು ನಿಮ್ಮೊಡನೆ ನೆನೆಯಬೇಕೆಂದಿದ್ದೇನೆ. ಅಜ್ಜ ಗದ್ದೆ ಮಾಡಿಕೊಂಡಿದ್ದ ರೈತ. ಹೆಸರು ಮಾಡಿದವನಲ್ಲ, ಹುದ್ದೆ ಹಿಡಿದವನಲ್ಲ. ಆದರೆ ಅವನಷ್ಟು ಜನರ ಬಳಕೆಯಿದ್ದ ಮನುಷ್ಯನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಅಜ್ಜನೆಂದರೆ ಮೊದಲು ಕಣ್ಣಿಗೆ ಬರುವುದು ಅವನ ಎಲೆ ಅಡಿಕೆಯ ಸಂಚಿ. ಕೆಂಪು ಬಟ್ಟೆಯ, ಅಂಚು ಸವೆದು ಕಪ್ಪಾಗಿದ್ದ ಆ ಸಂಚಿಗೆ ನಾಲ್ಕು ಕಿಸೆಗಳಿದ್ದವು. ಒಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಒಂದರಲ್ಲಿ ಹೋಳು ಮಾಡಿದ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಕೊನೆಯದರಲ್ಲಿ ಹೊಗೆಸೊಪ್ಪು. ಅಜ್ಜ ಹೊಗೆಸೊಪ್ಪು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಆ ಕಿಸೆ ಖಾಲಿಯಾಗಲು ಬಿಡುತ್ತಿರಲಿಲ್ಲ. ಏಕೆಂದು ನಾನೊಮ್ಮೆ ಕೇಳಿದ್ದಕ್ಕೆ, "ಹಾಕುವವರು ಬರ್ತಾರಲ್ಲ ತಮ್ಮಾ" ಎಂದಿದ್ದ.

ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಳಸವಳ್ಳಿಯ ದಡಕ್ಕೆ ಇಳಿದನೆಂದರೆ ಅಜ್ಜ ಹೊತ್ತು ಮರೆಯುತ್ತಿದ್ದ. ಆಗ ಸಾಗರಕ್ಕೆ ಹೋಗಬೇಕಾದರೆ ಲಾಂಚು ಹತ್ತಿ ಅಂಬಾರಗೋಡ್ಲಿನ ದಡ ಸೇರಬೇಕಿತ್ತು. ಸಿಗಂದೂರಿಗೆ ಬಂದ ಭಕ್ತರು, ಆಸ್ಪತ್ರೆಗೆ ಹೊರಟವರು, ಕಾಲೇಜಿನ ಮಕ್ಕಳು ಎಲ್ಲರೂ ಅಲ್ಲಿ ಕಾಯಲೇಬೇಕಿತ್ತು. ಅಜ್ಜ ಯಾರ ಪಕ್ಕದಲ್ಲಾದರೂ ಕುಳಿತು "ಯಾವೂರಾತು?" ಎಂದು ಮಾತು ತೆಗೆಯುತ್ತಿದ್ದ. ಒಮ್ಮೆ ನಡುವಯಸ್ಸಿನವರೊಬ್ಬರು ತಾವು ಶಿಕಾರಿಪುರದ ಕಡೆಯವರೆಂದರು. ಅಜ್ಜ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಅದು ಈಗಿನ ಊರಾತು, ಮೊದಲಿನ ಊರು ಯಾವುದು?" ಎಂದು ಕೇಳಿದ. ಅವರು ತಮ್ಮ ತಂದೆಯ ಕಾಲದ, ಈಗ ನೀರಿನಡಿ ಇರುವ ಊರಿನ ಹೆಸರು ಹೇಳಿದರು. "ಬಾವಿಕಟ್ಟೆಯ ಹತ್ತಿರ ಹಲಸಿನ ಮರ ಇತ್ತಲ್ಲ, ಆ ಮನೆಯಾ?" ಎಂದ ಅಜ್ಜ. ತಾವು ಹುಟ್ಟುವ ಮೊದಲೇ ಮುಳುಗಿದ ಮನೆಯ ಗುರುತನ್ನು ಪರಸ್ಥಳದ ಮುದುಕನೊಬ್ಬ ಹೇಳಿದ್ದನ್ನು ಕೇಳಿ ಅವರ ಕಣ್ಣು ತುಂಬಿ ಬಂತು. ಆ ಲಾಂಚು ಹೋಯಿತು, ಅದರ ಮುಂದಿನದೂ ಹೋಯಿತು. ಅವರಿಬ್ಬರ ಮಾತು ಮುಗಿಯಲಿಲ್ಲ.

ಆ ಪ್ರಶ್ನೆಯ ಹಿಂದೆ ಒಂದು ಇಡೀ ಕಣಿವೆಯ ಕಥೆಯಿದೆ. ಹಿರೇಭಾಸ್ಕರದಲ್ಲಿ, ನಮ್ಮವರು ಮಡೆನೂರು ಡ್ಯಾಮ್ ಎಂದು ಕರೆಯುವ ಕಲ್ಲಿನ ಅಣೆಕಟ್ಟೆ ಏಳುತ್ತಿದ್ದಾಗ ಅಜ್ಜ 12 ವರ್ಷದ ಹುಡುಗ. ಅಲ್ಲಿ ಕಲ್ಲು ಹೊತ್ತು ಕೂಲಿ ಮಾಡಿದ್ದ. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾದಾಗ ಅದಕ್ಕೆ ನೀರು ಕೂಡಿಟ್ಟದ್ದು ಆ ಕಟ್ಟೆಯೇ. ಮುಂದೆ 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟೆ ಮುಗಿದು ಸಮುದ್ರಮಟ್ಟದಿಂದ 1819 ಅಡಿ ಎತ್ತರದವರೆಗೆ ನೀರು ನಿಲ್ಲುವಂತಾದಾಗ ಅಜ್ಜನ ಗದ್ದೆ, ಮನೆ, ನೆರೆಯ ಊರುಗಳು ಮಾತ್ರವಲ್ಲ, ಅವನು ಕಲ್ಲು ಹೊತ್ತಿದ್ದ ಆ ಮೊದಲ ಅಣೆಕಟ್ಟೆಯೇ ನೀರಿನಡಿ ಸೇರಿತು. ನಾಡಿಗೆ ಬೆಳಕು ಕೊಟ್ಟ ಆ ಹೊಳೆಯ ದಡದ ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಐದನೆಯ ತರಗತಿಯಲ್ಲಿದ್ದಾಗ.

ನಮ್ಮ ಮನೆಯವರು ಗುಡ್ಡ ಹತ್ತಿ ಅಲ್ಲೇ ಮೇಲೆ ನೆಲೆ ಮಾಡಿಕೊಂಡರು. ಉಳಿದವರು ದನಕರು, ಪಾತ್ರೆ ಪರಡಿಗಳೊಂದಿಗೆ ಲಾರಿ ಹತ್ತಿ ಶಿವಮೊಗ್ಗ, ಹೊಸನಗರ, ಶಿಕಾರಿಪುರದ ಕಡೆಯ ಕಾಡಂಚುಗಳಿಗೆ ಚೆದುರಿದರು; ಅವರಲ್ಲಿ ಎಷ್ಟೋ ಕುಟುಂಬಗಳು ಉಳುವ ನೆಲದ ಹಕ್ಕುಪತ್ರಕ್ಕಾಗಿ ತಲೆಮಾರುಗಳೇ ಕಳೆದರೂ ಅಲೆಯುತ್ತಿರುವುದನ್ನು ಅಜ್ಜ ತುಂಬ ನೋವಿನಿಂದ ಹೇಳುತ್ತಿದ್ದ. ಭೂಮಿ ಹುಣ್ಣಿಮೆ ಕಳೆದು ಕೊಯ್ಲು ಶುರುವಾಗುವ ಮುನ್ನ ಸಿಗುವ ಬಿಡುವಿನಲ್ಲಿ ಅವನು ಪ್ರತಿವರ್ಷ ಅವರನ್ನು ಹುಡುಕಿಕೊಂಡು ಹೋಗುತ್ತಿದ್ದ. ವಿಳಾಸವಿಲ್ಲ, ಫೋನಿಲ್ಲ, ಬಸ್ಸಿಳಿದು ಕೇಳುತ್ತ ಕೇಳುತ್ತ ನಡೆಯುವುದೇ ಅವನ ದಾರಿ. ಅಜ್ಜನ ಸ್ನೇಹವನ್ನು ಎಲ್ಲರೂ ಅವನ ಸ್ವಭಾವವೆಂದರು. ನನಗೆ ಈಗ ಅನ್ನಿಸುವುದೇ ಬೇರೆ. ಗದ್ದೆ ಕೆಲಸದಷ್ಟೇ ನಿಷ್ಠೆಯಿಂದ, ಮೈಮುರಿದು ಮಾಡಿದ ದುಡಿಮೆ ಅದು. ಮುಳುಗಿದ ಊರನ್ನು ಮೇಲೆತ್ತಲಾಗದವನು ಊರಿನ ಜನರನ್ನಾದರೂ ಕೈಬಿಡಬಾರದೆಂದು ಹಟ ಹಿಡಿದಿದ್ದ.

ಮಳೆ ಕೈಕೊಟ್ಟ ಒಂದು ವರ್ಷ, ಮೇ ತಿಂಗಳ ಕೊನೆಯಲ್ಲಿ, ನೀರು ತೀರ ಕೆಳಗಿಳಿದಾಗ ಅಜ್ಜ ನನ್ನನ್ನು ಮಡೆನೂರು ಡ್ಯಾಮ್ ನೋಡಲು ಕರೆದೊಯ್ದ. ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ, ನೀರಲ್ಲೇ ಸತ್ತು ನಿಂತ ಮರಗಳ ಬೊಡ್ಡೆಗಳ ನಡುವೆ ನಡೆದೆವು. ಇಂಜಿನಿಯರ್ ಗಣೇಶ ಅಯ್ಯರ್ ಅವರ ವಿನ್ಯಾಸದ, ತುಂಬಿ ಹೆಚ್ಚಾದ ನೀರನ್ನು ಹೊರಹಾಕುವ ದುಂಡನೆಯ ಸೈಫನ್‌ಗಳು ದೊಡ್ಡ ಬಾವಿಗಳ ಹಾಗೆ ಇನ್ನೂ ಗಟ್ಟಿಯಾಗಿ ನಿಂತಿದ್ದವು. ಅಜ್ಜ ಗೋಡೆಯ ಒಂದು ಕಲ್ಲಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತ. ಆಮೇಲೆ ಹಳೆಯ ಊರಿನ ಜಾಗಕ್ಕೆ ಹೋದಾಗ ಅರ್ಧ ಹೂತಿದ್ದ ಒರಳೊಂದನ್ನು ತೋರಿಸಿ ಅದು ಯಾರ ಮನೆಯದೆಂದು, ಆ ಮನೆಯ ಮಕ್ಕಳು ಈಗ ಎಲ್ಲೆಲ್ಲಿದ್ದಾರೆಂದು ಒಬ್ಬೊಬ್ಬರನ್ನೇ ಹೇಳಿದ. ನಮ್ಮ ಮನೆಯ ಪಂಚಾಂಗದ ಕಲ್ಲುಗಳ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಲಿಲ್ಲ. "ನಮ್ಮದು ಇಲ್ಲೇ ಇತ್ತು, ಬಾ" ಎಂದು ಮುಂದೆ ನಡೆದ.

2025ರ ಜುಲೈಯಲ್ಲಿ ಹಿನ್ನೀರಿಗೆ ಸೇತುವೆಯಾಯಿತು. ನಮ್ಮ ಜನ ದಶಕಗಳಿಂದ ಬೇಡಿದ ಸೇತುವೆ ಅದು. ರಾತ್ರಿ ಹೊತ್ತು ಹೆರಿಗೆ ನೋವು ಬಂದವರು ದಡದಲ್ಲಿ ಕಾಯುವ ಕಷ್ಟ ತಪ್ಪಿದ್ದನ್ನು ಕಂಡು ಅಜ್ಜ ಎಷ್ಟು ಹಿಗ್ಗುತ್ತಿದ್ದನೋ.

ಅವನ ತಿಥಿಯ ದಿನ ಇನ್ನೂ ಲಾಂಚಿನ ಕಾಲ. ಜಡಿಮಳೆ. ಹತ್ತಿರದ ನೆಂಟರಷ್ಟೇ ಬಂದಾರೆಂದು ನಾವು ಅಡುಗೆ ಮಾಡಿಸಿದ್ದೆವು. ಬೆಳಗಿನ ಮೊದಲ ಲಾಂಚಿನಿಂದಲೇ ಗುರುತಿಲ್ಲದ ಜನ ಕೊಡೆ ಹಿಡಿದು ಅಂಗಳಕ್ಕೆ ಬರತೊಡಗಿದರು. ಬಂದವರೆಲ್ಲ ಅಜ್ಜಿಯ ಮುಂದೆ ಕೈಮುಗಿದು ಮೊದಲು ಹೇಳಿದ್ದು ತಮ್ಮ ಹೆಸರನ್ನಲ್ಲ, ತಮ್ಮ ಮೊದಲಿನ ಊರನ್ನು. ಅನ್ನಕ್ಕೆ ಎರಡನೆಯ ಸಲ ಎಸರಿಡಬೇಕಾಯಿತು. ಅಜ್ಜಿ ಒಳಗಿನಿಂದ ಅಜ್ಜನ ಸಂಚಿಯನ್ನು ತಂದು ಜಗಲಿಯ ಚಾಪೆಯ ಮೇಲೆ ಬಿಚ್ಚಿಟ್ಟಳು. ಸಂಜೆ ಕೊನೆಯ ಲಾಂಚಿಗೆ ಅವರೆಲ್ಲ ಹೊರಟ ಮೇಲೆ ನಾನು ಅದನ್ನು ಮಡಚಿಡಲು ಹೋದೆ. ಹೊಗೆಸೊಪ್ಪಿನ ಕಿಸೆ ಖಾಲಿಯಾಗಿತ್ತು.

ನಮಸ್ಕಾರ.